ಎರಡನೆಯ ಕೊಡದ ನೀರು

ಮಠದ ಮಾಸಿಕದಲ್ಲಿ ಚಲನಚಿತ್ರದ ವಿಮರ್ಶೆಯೇ ಎಂದು ತಾವು ಹುಬ್ಬೇರಿಸಬಹುದು. ಗಿರೀಶ ಕಾರ್ನಾಡರು 1992ರಲ್ಲಿ ಹಿಂದಿಯಲ್ಲಿ ನಿರ್ದೇಶಿಸಿದ ‘ಚೆಲುವಿ’ಯನ್ನು ನಾವು ಮೊದಲು ಕಂಡುದು ಧಾರವಾಡದ ವಿದ್ಯಾರ್ಥಿದೆಸೆಯಲ್ಲಿ. ಆ ರಾತ್ರಿ ನಿದ್ರೆ ಹತ್ತಲಿಲ್ಲ, ಏಕೆಂಬುದೂ ಹೊಳೆಯಲಿಲ್ಲ. ಕಳೆದ ಶ್ರಾವಣದಲ್ಲಿ ಸಾಲೋಟಗಿಯ ಭಕ್ತರೊಬ್ಬರ ಮನೆಯಲ್ಲಿ, ಮಠದ ಹಳೆಯ ವಿದ್ಯಾರ್ಥಿಗಳೊಡನೆ ಕುಳಿತು ಅದನ್ನು ಮತ್ತೊಮ್ಮೆ ನೋಡಿದಾಗ ಹೊಳೆಯಿತು.

ಭಾಷೆ ಹಿಂದಿಯಾದರೂ ಕಥೆ ನಮ್ಮದೇ. ಶಿವಶರಣರ ವಚನಗಳನ್ನು 1973ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ಎಂಬ ಸಂಪುಟದ ಮೂಲಕ ಇಂಗ್ಲಿಷ್ ಬಲ್ಲವರಿಗೆ ಮುಟ್ಟಿಸಿದ ಎ.ಕೆ. ರಾಮಾನುಜನ್ನರು ಕನ್ನಡ ನಾಡಿನ ಹೆಣ್ಣುಮಕ್ಕಳ ಬಾಯಿಂದ ಸಂಗ್ರಹಿಸಿದ ಜನಪದ ಕಥೆಯದು. (ಜಾನ್ ಆ್ಯಡಮ್ಸ್ ಎಂಬ ಅಮೆರಿಕದ ಸಂಗೀತಕಾರರು 2006ರಲ್ಲಿ ಇದನ್ನೇ ವಿಯೆನ್ನಾದಲ್ಲಿ ಗೀತನಾಟಕವಾಗಿಸಿದರು. ನಮ್ಮ ಅಜ್ಜಿಯರ ಕಥೆ ಎಲ್ಲಿಗೆಲ್ಲ ಹೋಯಿತು!) ಬಡ ತಾಯಿಯ ಮಗಳೊಬ್ಬಳ ಮೇಲೆ ಒಂದು ಕೊಡ ನೀರು ಸುರಿದರೆ ಅವಳು ಹೂವಿನ ಮರವಾಗುತ್ತಾಳೆ, ಎರಡನೆಯ ಕೊಡ ಸುರಿದರೆ ಮರಳಿ ಹೆಣ್ಣಾಗುತ್ತಾಳೆ. ಹೂವನ್ನು ಮಾತ್ರ ಬಿಡಿಸಬೇಕು, ಟೊಂಗೆ ಮುರಿಯಬಾರದು, ಎಲೆ ಹರಿಯಬಾರದು. ಊರ ಹಿರಿಯರ ಮಗ ಅವಳನ್ನು ವರಿಸುತ್ತಾನೆ. ಮುಂದೆ ನಾದಿನಿಯು ಅವಳನ್ನು ಕಾಡಿಗೆ ಕರೆದೊಯ್ದು ಮರವಾಗಿಸಿ, ಗೆಳತಿಯರೊಡನೆ ಟೊಂಗೆಗಳನ್ನು ಮುರಿಯುತ್ತಾಳೆ. ಎರಡನೆಯ ಕೊಡದ ನೀರನ್ನು ಸರಿಯಾಗಿ ಹಾಕದೆ ಎಲ್ಲರೂ ಓಡಿಹೋಗುತ್ತಾರೆ. ಉಳಿಯುವುದು ಅತ್ತ ಮರವೂ ಅಲ್ಲದ, ಇತ್ತ ಹೆಣ್ಣೂ ಅಲ್ಲದ ಒಂದು ಜೀವ.

ಈ ರೂಪಾಂತರವನ್ನು ಕಾರ್ನಾಡರು ಪವಾಡವೆಂಬಂತೆ ಮೆರೆಸುವುದಿಲ್ಲ. ನಿತ್ಯದ ಮನೆಗೆಲಸದಷ್ಟೇ ಸಹಜವಾಗಿ ಅದು ಜರುಗುತ್ತದೆ; ನೋಡುವವನ ಎದೆ ನಡುಗುವುದು ಆ ಸಹಜತೆಯಿಂದಲೇ. ಸೋನಾಲಿ ಕುಲಕರ್ಣಿಯವರಿಗೆ ಇದು ಮೊದಲ ಚಿತ್ರ. ಹೇಳಿದ್ದಕ್ಕೆ ಇಲ್ಲವೆನ್ನಲಾರದ ಹುಡುಗಿಯ ಮುಖ ಅವರದು. ಕೊನೆಯ ಭಾಗದಲ್ಲಿ ಮಾತ್ರ ನಮಗೊಂದು ಆಕ್ಷೇಪವಿದೆ. ಜನಪದ ಕಥೆಯಲ್ಲಿ ಗಂಡನು ಮುರಿದುದನ್ನು ಜೋಡಿಸಿ ನೀರೆರೆದು ಅವಳನ್ನು ಮರಳಿ ಪಡೆಯುತ್ತಾನೆ. ಚಿತ್ರದಲ್ಲಿ ಟೊಂಗೆಗಳನ್ನು ಅರಸಹೋದರೆ ಕಾಡೇ ಕಡಿದುಹೋಗಿದೆ. ಎಚ್ಚರಿಕೆ ಯುಕ್ತವೇ, ಆದರೆ ಒಂದು ಹೆಣ್ಣಿನ ಸಂಕಟ ಅಲ್ಲಿ ಕಾಡಿನ ಸಂಕಟಕ್ಕೆ ಬರಿಯ ಸಂಕೇತವಾಗಿ ಕಿರಿದಾಗುತ್ತದೆ.

ನೋಡಿದವರೆಲ್ಲ ನಾದಿನಿಯನ್ನು ಬೈದರು. ನಮ್ಮ ಕಣ್ಣು ನೆಟ್ಟುದು ಗಂಡನ ಮೇಲೆ. ಹಸಿವಿಲ್ಲದೆ, ಅಗತ್ಯವಿಲ್ಲದೆ, ಕೇವಲ ಮೆಚ್ಚಿ ಮರವಾಗೆಂದು ಬೇಡಿದವನು ಅವನೇ. ಬಹಳ ವರ್ಷಗಳ ಹಿಂದೆ ನಮ್ಮ ಪ್ರಸಾದನಿಲಯದಲ್ಲಿ ವಚನಗಳನ್ನು ಅಪೂರ್ವವಾಗಿ ಹಾಡುವ ಬಾಲಕನೊಬ್ಬನಿದ್ದ. ಜಾತ್ರೆಗೆ, ಪುರಾಣ ಮಂಗಲಕ್ಕೆ, ಭಕ್ತರ ಮನೆಯ ಗೃಹಪ್ರವೇಶಕ್ಕೆ ಎಲ್ಲೆಡೆ ಅವನನ್ನು ಕರೆದೊಯ್ದೆವು. ಜ್ವರವಿದ್ದ ದಿನವೂ ‘ಒಂದೇ ಹಾಡು’ ಎಂದೆವು. ದನಿ ಒಡೆಯುವ ವಯಸ್ಸಿನಲ್ಲಿ ಗಂಟಲಿಗೆ ವಿಶ್ರಾಂತಿ ಕೊಡಬೇಕೆಂಬುದು ನಮಗೆ ತೋಚಲಿಲ್ಲ. ದನಿ ಹೋಯಿತು. ಮರುವರ್ಷ ಮತ್ತೊಬ್ಬ ಹುಡುಗ ಹಾಡಿದ. ನಾವು ಅವನನ್ನೂ ಮೆಚ್ಚಿದೆವು.

ನಿತ್ಯ ಇಷ್ಟಲಿಂಗಕ್ಕೆ ಏರಿಸುವ ಹೂವನ್ನು ಹೇಗೆ ಬಿಡಿಸಬೇಕೆಂದು ಮಕ್ಕಳಿಗೆ ಕಲಿಸಿದವರು ನಾವು. ಇಂಡಿಯ ಕಡೆಯ ನಿಂಬೆ ತೋಟದ ರೈತನಿಗೂ ಅದು ಗೊತ್ತು: ಮುಳ್ಳಿನ ನಡುವೆ ಕೈಯಿಟ್ಟು ಹಣ್ಣು ಕೀಳುವಾಗ ಅವನು ಚಿಗುರು ಕಾಯುತ್ತಾನೆ.

ಸಾಲೋಟಗಿಯ ನೆಲಕ್ಕೂ ಗೊತ್ತಿದ್ದ ವಿಷಯವಿದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಇಲ್ಲಿಯ ಶಾಸನವು ಮಂತ್ರಿ ನಾರಾಯಣನು ಸ್ಥಾಪಿಸಿದ ವಿದ್ಯಾಶಾಲೆಯನ್ನೂ ನಾನಾ ಪ್ರದೇಶಗಳಿಂದ ಬಂದ ವಿದ್ಯಾರ್ಥಿಗಳ 27 ವಸತಿಗಳನ್ನೂ ಹೇಳುತ್ತದೆ. ದೀಪದ ವೆಚ್ಚಕ್ಕೆಂದೇ 12 ನಿವರ್ತನ ಭೂಮಿ! ಹುಡುಗನ ಓದಿನಿಂದ ತಮಗೇನು ಲಾಭವೆಂದು ಕೇಳುವ ಮೊದಲು, ಅವನು ರಾತ್ರಿ ಓದಲು ಎಣ್ಣೆ ಎಲ್ಲಿಂದ ಬಂದೀತೆಂದು ಚಿಂತಿಸಿದ ಜನ ಅವರು.

ಅಂದು ಚಿತ್ರ ನೋಡಲು ಬಂದವರಲ್ಲಿ ಆ ಹಾಡುಗಾರನೂ ಇದ್ದ. ಈಗ ಗೃಹಸ್ಥ, ಒಕ್ಕಲುತನ ಮಾಡಿಕೊಂಡಿದ್ದಾನೆ. ಚಿತ್ರ ಮುಗಿದ ಮೇಲೆ ತನ್ನ ಒಡಕು ದನಿಯಲ್ಲಿ ಕೇಳಿದ: “ಅಜ್ಜಾರ, ಆ ಹುಡುಗ್ಯಾರು ಎರಡನೇ ಕೊಡದ ನೀರು ಸರಿಯಾಗಿ ಯಾಕ ಹಾಕಲಿಲ್ರೀ?”

ಆಟದ ಗದ್ದಲದಲ್ಲಿ ಮರೆತರಪ್ಪ, ಎಂದೆವು. ಅವನು ಏನೂ ಅನ್ನಲಿಲ್ಲ. ಚಹದ ಕಪ್ಪುಗಳನ್ನು ಒಟ್ಟುಮಾಡಿಕೊಂಡು ಒಳಗೆ ಹೋದ.