ಕಾವ್ಯವಸ್ತುವಿನ ಅನ್ವೇಷಣೆ

ಬರೆಯಬೇಕೆಂಬ ಹಂಬಲವು ಬಲವಾಗಿದ್ದರೂ ಏನನ್ನು ಬರೆಯಬೇಕೆಂಬುದು ತೋರದೆ ಕಾಗದದ ಮುಂದೆ ಕೈಕಟ್ಟಿ ಕುಳಿತ ತರುಣರು ಯಾವ ಕಾಲದಲ್ಲಿಯೂ ವಿರಳರಾಗಿರಲಿಲ್ಲ. ಹಿಂದಿನ ಲಾಕ್ಷಣಿಕರು ಈ ಕಷ್ಟವನ್ನು ಅರಿಯದವರಲ್ಲ. ಹತ್ತನೆಯ ಶತಮಾನದ ಆದಿಭಾಗದ ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಈ ವಿಚಾರವನ್ನೇ ಪ್ರತ್ಯೇಕವಾಗಿ ಎತ್ತಿಕೊಂಡು, ಪೂರ್ವಾಚಾರ್ಯರು ಹೇಳಿದ 12 ಮೂಲಗಳಿಗೆ ತನ್ನ 4ನ್ನು ಸೇರಿಸಿ, ಕಾವ್ಯಾರ್ಥದ ಮೂಲಗಳು 16 ಎಂದು ಎಣಿಸಿದ್ದಾನೆ. ಶ್ರುತಿ, ಸ್ಮೃತಿ, ಇತಿಹಾಸ, ಪುರಾಣಗಳಿಂದ ಆರಂಭವಾಗುವ ಆ ಎಣಿಕೆಯಲ್ಲಿ ‘ಲೋಕ’ ಎಂಬುದೂ ಒಂದು. ಶಾಸ್ತ್ರಗಳ ಗುಂಪಿನ ನಡುವೆ ಸಿಕ್ಕಿಕೊಂಡಿರುವ ಈ ಎರಡಕ್ಷರದ ಮಾತನ್ನೇ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಬರಹಗಾರರು ಮೊದಲು ವಿಚಾರಿಸಬೇಕಾಗಿದೆ.

ಈಗ ಬರವಣಿಗೆಯ ಶಿಬಿರಗಳಲ್ಲಿ ಹೇಳಿಕೊಡುವ ಉಪಾಯಗಳು ಬೇರೆ. ಹಾಳೆಯ ನಡುವೆ ಒಂದು ಪದವನ್ನು ಬರೆದು, ಹೊಳೆದದ್ದನ್ನೆಲ್ಲ ಸುತ್ತಲೂ ಗೆರೆಯೆಳೆದು ಸೇರಿಸುವುದು. ಗೊತ್ತುಮಾಡಿದ ಹೊತ್ತಿನವರೆಗೆ ಲೇಖನಿಯನ್ನೆತ್ತದೆ, ತಿದ್ದದೆ ಬರೆಯುತ್ತ ಹೋಗುವುದು. ಕಂಡ ಸಂಗತಿಯೊಂದನ್ನು ಹಿಡಿದು ‘ಹೀಗಲ್ಲದೆ ಹಾಗಾಗಿದ್ದರೆ?’ ಎಂದು ಕೇಳಿಕೊಳ್ಳುವುದು. ಪರದೇಶದ ಸರಕೆಂದು ಇವನ್ನು ಕಂಡು ಮೂಗು ಮುರಿಯಬೇಕಾದುದಿಲ್ಲ. ಇವಕ್ಕಿಂತ ಹಿರಿದಾದ ಉಪಾಯವೊಂದು ಅವಧಾನದಲ್ಲಿದೆ. ತೆಲುಗು ನಾಡಿಗೆ ಹೊಂದಿಕೊಂಡ ಈ ತಾಲ್ಲೂಕುಗಳ ವಿದ್ಯಾವಂತರಿಗೆ ಅದು ಹೊಸದೇನಲ್ಲ. ಸಮಸ್ಯಾಪೂರಣದಲ್ಲಿ ಪೃಚ್ಛಕನು ಮೇಲುನೋಟಕ್ಕೆ ಅಸಂಗತವಾದ ಒಂದು ಪಾದವನ್ನು ಒಡ್ಡುತ್ತಾನೆ. ಕವಿಯು ಉಳಿದ ಮೂರು ಪಾದಗಳನ್ನು ರಚಿಸಿ ಅದಕ್ಕೆ ಸಂಗತಿಯನ್ನು ತಂದುಕೊಡುತ್ತಾನೆ. ದತ್ತಪದಿಯಲ್ಲಿ ಕೊಟ್ಟ ಪದಗಳು ಅನ್ಯಭಾಷೆಯವಾದರೂ ಪದ್ಯದೊಳಗೆ ಅರ್ಥವತ್ತಾಗಿ ಕೂಡಿಕೊಳ್ಳಬೇಕು. ಲೋಕವೆಲ್ಲವೂ ಎದುರಿಗೆ ತೆರೆದಿದ್ದಾಗ ಎಲ್ಲಿಗೂ ಹೋಗಲಾರದ ಮನಸ್ಸು, ಹತ್ತು ಬಾಗಿಲಲ್ಲಿ ಒಂಬತ್ತನ್ನು ಮುಚ್ಚಿದೊಡನೆ ಹತ್ತನೆಯದನ್ನು ದೂಡಿಕೊಂಡು ನುಗ್ಗುತ್ತದೆ. ಈ ಗುಣವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಲ್ಲಿ ಪ್ರಶ್ನೆಯೂ ಪರರದು, ಅಗತ್ಯವೂ ಪರರದು. ಚಪ್ಪಾಳೆ ನಿಂತ ಮೇಲೆ ಅಂತಹ ಪದ್ಯಗಳಲ್ಲಿ ಎಷ್ಟು ಮನಸ್ಸಿನಲ್ಲಿ ನಿಲ್ಲುತ್ತವೆಂಬುದನ್ನು ಸಭಾಸದರೇ ಬಲ್ಲರು. ಅದು ಕೈಗೆ ಸಾಮು, ಕಣಜಕ್ಕೆ ಕಾಳಲ್ಲ.

ಕಾಳು ಇರುವುದು ಲೋಕದಲ್ಲಿ. ಹಾಗಿರುವಾಗ ಬಯಲುಸೀಮೆಯ ಹೊಸ ಕವಿಯ ಪದ್ಯದಲ್ಲಿ ಸೋನೆ ಮಳೆ, ಹಸಿರು ಕಾನು, ತುಂಬಿದ ಹೊಳೆಗಳೇ ಏಕೆ ಕಾಣಬೇಕು? ಕುವೆಂಪು ಅವರಿಗೆ ಅವು ಕುಪ್ಪಳಿಯ ಮನೆಯಂಗಳದಲ್ಲಿಯೇ ಇದ್ದವು. ಇವನಿಗೆ ಪುಸ್ತಕದಲ್ಲಿ ಮಾತ್ರ ಇವೆ. ನಂದಿಯ ಬೆಟ್ಟಸಾಲು ಉತ್ತರ ಪಿನಾಕಿನಿಗೂ ದಕ್ಷಿಣ ಪಿನಾಕಿನಿಗೂ ಅರ್ಕಾವತಿಗೂ ತವರು. ಆದರೂ ವರ್ಷವಿಡೀ ಹರಿಯುವ ಹೊಳೆಯೊಂದೂ ಈ ನಾಲ್ಕು ತಾಲ್ಲೂಕುಗಳಲ್ಲಿಲ್ಲ. ಹೆತ್ತ ಮಕ್ಕಳೆಲ್ಲ ಪರಸ್ಥಳಕ್ಕೆ ಹೊರಟುಹೋದ ತಾಯಿಯಂತಿರುವ ಈ ನೆಲ, ಕೆರೆಗಳನ್ನು ನೆಚ್ಚಿ ಬಾಳಿ, ಬಳಿಕ ಕೊಳವೆಬಾವಿಯ ಆಳವನ್ನು ಅಳೆಯುತ್ತ ಬಂದಿದೆ. ಈ ಒಂದು ವೈಪರೀತ್ಯವೇ ಕಾದಂಬರಿಯೊಂದಕ್ಕೆ ಸಾಲದೆ?

ಶಿಡ್ಲಘಟ್ಟದ ಕಡೆಯ ರೇಷ್ಮೆಯ ಕಸಬನ್ನೇ ನೋಡಬಹುದು. ಪೊರೆ ಬಿಡುವುದಕ್ಕಾಗಿ ಹುಳು ಮೇವನ್ನು ಬಿಟ್ಟು, ತಲೆಯೆತ್ತಿ, ಅಲುಗದೆ ನಿಲ್ಲುವ ಅವಸ್ಥೆಗೆ ಸಾಕುವವರು ‘ಜ್ವರ’ ಎನ್ನುತ್ತಾರೆ. ಹೀಗೆ ನಾಲ್ಕು ಜ್ವರಗಳು. ನಾಲ್ಕನೆಯದರಿಂದೆದ್ದ ಹುಳುವಿಗೆ ಬರುವ ಹಸಿವು ಘೋರವಾದುದು. ರಾತ್ರಿಯ ನಿಶ್ಶಬ್ದದಲ್ಲಿ ಸಾವಿರಾರು ಹುಳುಗಳು ಹಿಪ್ಪುನೇರಳೆಯ ಸೊಪ್ಪನ್ನು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತದೆ. (ಮಳೆಯನ್ನೇ ಹಾಡಬೇಕೆಂಬ ಬಯಲುಸೀಮೆಯ ಕವಿಗೆ ಮಳೆಯೂ ಇಲ್ಲಿಯೇ ದೊರೆಯಿತು!) ಮೇವು ಸಾಕಾಗಿ ಮೈ ತಿಳಿಯಾದಾಗ ಹುಳು ‘ಹಣ್ಣಾಯಿತು’ ಎನ್ನುತ್ತಾರೆ. ಹಣ್ಣಾದುದನ್ನು ಆಯ್ದು ಬಿಡುವ ಬಿದಿರಿನ ತಟ್ಟೆಗೆ ‘ಚಂದ್ರಿಕೆ’ ಎಂದು ಹೆಸರು. ಅಲ್ಲಿ ಅದು ನೂರಾರು ಮೀಟರು ಉದ್ದದ ಒಂದೇ ಎಳೆಯನ್ನು ತನ್ನ ಸುತ್ತ ತಾನೇ ಸುತ್ತಿಕೊಳ್ಳುತ್ತದೆ. ಆ ಎಳೆ ತುಂಡಾಗದಿರಬೇಕಾದರೆ ಒಳಗಿನ ಜೀವವು ಹೊರಬರಕೂಡದು. ಜ್ವರ, ಹಣ್ಣು, ಚಂದ್ರಿಕೆ: ಯಾವ ಅಲಂಕಾರಶಾಸ್ತ್ರವನ್ನೂ ಓದದ ಜನರು ರೂಪಕಗಳನ್ನು ಕಟ್ಟಿ ದಿನಬಳಕೆಗೆ ಇಟ್ಟುಕೊಂಡಿದ್ದಾರೆ. ಹಾಳೆಯ ನಡುವೆ ಬರೆಯುವುದಕ್ಕೆ ಪದವನ್ನು ಅರಸುವವನು ಹುಳುಮನೆಯ ಬಾಗಿಲಲ್ಲಿ ಅರ್ಧ ಗಳಿಗೆ ನಿಂತರೆ ಸಾಕು.

ನುಡಿಯ ವಿಷಯದಲ್ಲಿಯೂ ಇದೇ ಮಾತು. ಬಳೆಯ ವ್ಯಾಪಾರದವರೆಂದು ಪ್ರತೀತಿಯಿರುವ ಕೈವಾರದ ನಾರಾಯಣ ತಾತಯ್ಯನವರು ಕನ್ನಡ ತೆಲುಗುಗಳೆರಡರಲ್ಲಿಯೂ ಪದಗಳನ್ನು ಹಾಡಿದರು. ಎರಡು ನುಡಿಗಳಿರುವುದು ಅವರಿಗೆ ಕೊರತೆಯಾಗಿ ತೋರಲಿಲ್ಲ. ಮನೆಯಲ್ಲಿ ತೆಲುಗನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡಿ ಬೆಳೆದ ಚಿಂತಾಮಣಿಯ ಕತೆಗಾರನು ತನ್ನ ಪಾತ್ರಗಳಿಂದ ಪಠ್ಯಪುಸ್ತಕದ ಕನ್ನಡವನ್ನೇ ಆಡಿಸುವುದು ಆ ಕೊರತೆಯ ಭಯದಿಂದಲೇ ಇರಬೇಕು. ಇನ್ನು ಕೇಳಿದುದನ್ನು ಕತೆಯಾಗಿಸುವ ಬಗೆಯನ್ನು ಕಲಿಯುವುದಕ್ಕೆ ದೂರ ಹೋಗಬೇಕಾಗಿಲ್ಲ. ಈ ತಾಲ್ಲೂಕುಗಳು 2007ರವರೆಗೆ ಸೇರಿದ್ದ ಕೋಲಾರ ಜಿಲ್ಲೆಯವರೇ ಆದ ಮಾಸ್ತಿಯವರು 1920ರ ‘ಕೆಲವು ಸಣ್ಣ ಕಥೆಗಳು’ ಮೊದಲುಗೊಂಡು ಎಷ್ಟೋ ಕತೆಗಳನ್ನು, ಬಲ್ಲವನೊಬ್ಬನು ಎದುರಿಗೆ ಕುಳಿತು ಹೇಳುತ್ತಿರುವ ಧಾಟಿಯಲ್ಲಿಯೇ ಬರೆದರು.

ದೊಡ್ಡ ಘಟನೆಗಳ ವಿಷಯದಲ್ಲಿ ಮಾತ್ರ ಎಚ್ಚರವಿರಬೇಕು. ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ನಡೆದ ಗೋಲೀಬಾರನ್ನು ಎತ್ತಿಕೊಂಡ ಕವಿಯು ಎರಡನೆಯ ಪಾದಕ್ಕೇ ಘೋಷಣೆಗೆ ತೊಡಗಿಬಿಡುವ ಅಪಾಯವಿದೆ. ಅದೇ ಸ್ಥಳದಲ್ಲಿ ಸಂತಾನಾಪೇಕ್ಷೆಯಿಂದ ದಂಪತಿಗಳು ನಿಲ್ಲಿಸಿದ ನಾಗರಕಲ್ಲುಗಳು ಸಾಲುಸಾಲಾಗಿವೆ. ಮಗುವನ್ನು ಬೇಡಿದ ನೆಲದಲ್ಲಿಯೇ ಮಕ್ಕಳನ್ನು ಕಳೆದುಕೊಂಡವರಿದ್ದರೆಂಬ ಕಡೆಯಿಂದ ಹೊರಟರೆ ಧ್ವನಿಯು ತಾನಾಗಿ ತಗ್ಗೀತು.

ಇಷ್ಟಾದರೂ ನೋಡಿದುದನ್ನೆಲ್ಲ ಟಿಪ್ಪಣಿಮಾಡಿದ ಮಾತ್ರಕ್ಕೆ ಸಾಹಿತ್ಯವಾಗದು; ಅದು ಗ್ರಾಮಲೆಕ್ಕಿಗನ ದಾಖಲೆಯಾದೀತು. ರಾಜಶೇಖರನು ತನ್ನದಾಗಿ ಸೇರಿಸಿದ ನಾಲ್ಕು ಮೂಲಗಳನ್ನು ಇಲ್ಲಿ ಗಮನಿಸಬೇಕು: ಉಚಿತಸಂಯೋಗ, ಯೋಕ್ತೃಸಂಯೋಗ, ಉತ್ಪಾದ್ಯಸಂಯೋಗ, ಸಂಯೋಗವಿಕಾರ. ನಾಲ್ಕೂ ಕೂಡಿಸುವಿಕೆಯನ್ನೇ ಕುರಿತವು. ಸಮಸ್ಯಾಪೂರಣದ ಸಾಮು ಪ್ರಯೋಜನಕ್ಕೆ ಬರುವುದು ಈ ಹಂತದಲ್ಲಿ. ಬತ್ತಿದ ಪಿನಾಕಿನಿಯ ಮರಳನ್ನೂ ಇರುಳಲ್ಲಿ ಹುಳು ಮೇಯುವ ಮಳೆಯ ಸದ್ದನ್ನೂ ಒಂದೇ ಮನೆಯ ಸೂರಿನ ಕೆಳಗೆ ತಂದಿರಿಸಿದರೆ, ಆ ಮನೆಯ ಮುದುಕಿಯು ನಿದ್ದೆಗಣ್ಣಿನಲ್ಲಿ ಎದ್ದು ಹೊರಗೆ ಒಣಹಾಕಿದ್ದ ರಾಗಿಯನ್ನು ಒಳಕ್ಕೆ ತರಲು ಹೊರಡಬಹುದು.