ಎಲ್ಲ ಅಳತೆಯೂ 9.81 ಆದಾಗ

ಸರಳ ಲೋಲಕದ ಪ್ರಯೋಗವನ್ನು ನೀವು ಮಾಡಿರುತ್ತೀರಿ. 1 ಮೀಟರ್ ಉದ್ದದ ಲೋಲಕ 20 ಆಂದೋಲನಗಳಿಗೆ ಸುಮಾರು 40 ಸೆಕೆಂಡು ತೆಗೆದುಕೊಳ್ಳುತ್ತದೆ. ಸ್ಟಾಪ್‌ವಾಚ್ ಒತ್ತುವ ಬೆರಳು 0.2 ಸೆಕೆಂಡು ತಡವಾದರೂ ಗುರುತ್ವ ವೇಗೋತ್ಕರ್ಷದ, ಅಂದರೆ ‘ಜಿ’ಯ, ಬೆಲೆ ಶೇಕಡಾ 1ರಷ್ಟು ಬದಲಾಗುತ್ತದೆ.

ಈಚೆಗೆ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ನನ್ನ ಮುಂದಿಟ್ಟ ಲ್ಯಾಬ್ ರೆಕಾರ್ಡಿನಲ್ಲಿ ಐದು ಬೇರೆ ಬೇರೆ ಉದ್ದಗಳಿಗೂ ‘ಜಿ’ ಬೆಲೆ 9.81 ಎಂದೇ ಇತ್ತು. ಬೆಂಗಳೂರಿನಲ್ಲಿ ಅದು ಸುಮಾರು 9.78. ಕೇಳಿದಾಗ, ಅಂಕಿಗಳನ್ನು ಚಾಟ್‌ಬಾಟ್ ಬರೆದುಕೊಟ್ಟಿತೆಂದು ಒಪ್ಪಿಕೊಂಡ. “ಉತ್ತರ ಸರಿಯಾಗಿದೆಯಲ್ಲ ಸಾರ್?” ಎಂದೂ ಕೇಳಿದ.

ಈ ಪ್ರಶ್ನೆಗೆ ನಮ್ಮ ತಾಂತ್ರಿಕ ಶಿಕ್ಷಣದಲ್ಲಿ ಉತ್ತರವಿದೆಯೆ? ಎಐಸಿಟಿಇ 2018ರ ಮಾದರಿ ಪಠ್ಯಕ್ರಮದಲ್ಲಿ ಮಾನವೀಯ ಮೌಲ್ಯಗಳಿಗೆ ಸ್ಥಾನ ಕೊಟ್ಟಿತು. ವಿಟಿಯುವಿನ 2022ರ ಪಠ್ಯಕ್ರಮದಲ್ಲಿ ಅದು 1 ಕ್ರೆಡಿಟ್ಟಿನ ವಿಷಯ. ಉದ್ದೇಶ ಒಳ್ಳೆಯದೇ. ಆದರೆ ಕೃತಕ ಬುದ್ಧಿಮತ್ತೆಗೆ ಒಂದು ತರಗತಿ, ಮೌಲ್ಯಕ್ಕೆ ಇನ್ನೊಂದು ಎಂದು ಹಂಚಿಬಿಟ್ಟರೆ ಎರಡೂ ಕೂಡುವುದೆಲ್ಲಿ? ಮೌಲ್ಯದ ಪರೀಕ್ಷೆಯಲ್ಲಿ ತೇರ್ಗಡೆಯಾದವನೇ ಪ್ರಯೋಗಾಲಯದಲ್ಲಿ ಅಳೆಯದ ಅಂಕಿಯನ್ನು ಬರೆಯಬಲ್ಲ.

ಅಳತೆಯ ಪ್ರಾಮಾಣಿಕತೆ ಸಣ್ಣ ವಿಷಯವಲ್ಲ. ಬೋಯಿಂಗ್ 737 ಮ್ಯಾಕ್ಸ್ ವಿಮಾನವನ್ನು ನೆನೆಯಿರಿ. ಅದರ ಮೂತಿಯನ್ನು ತಾನಾಗಿಯೇ ಕೆಳಗಿಳಿಸುವ ತಂತ್ರಾಂಶವು ಒಂದೇ ಸಂವೇದಕದ ಅಳತೆಯನ್ನು ನಂಬುತ್ತಿತ್ತು. ಎರಡನೆಯ ಸಂವೇದಕ ವಿಮಾನದಲ್ಲೇ ಇತ್ತು. ಅದರೊಂದಿಗೆ ಹೋಲಿಸಿ ನೋಡುವ ಏರ್ಪಾಡು ಇರಲಿಲ್ಲ. 2018ರ ಅಕ್ಟೋಬರ್ ಮತ್ತು 2019ರ ಮಾರ್ಚ್‌ನಲ್ಲಿ ನಡೆದ ಎರಡು ಅಪಘಾತಗಳಲ್ಲಿ 346 ಮಂದಿ ಸತ್ತರು. ಅದು ಕೃತಕ ಬುದ್ಧಿಮತ್ತೆಯೂ ಅಲ್ಲ, ಸಾಧಾರಣ ತಂತ್ರಾಂಶ ಎಂಬುದನ್ನು ಗಮನಿಸಿ. ತಾಳೆ ನೋಡದೆ ನಂಬುವ ಅಭ್ಯಾಸವೇ ಅಪಾಯಕಾರಿ. ಸರಾಗವಾಗಿ ಉತ್ತರಿಸುವ ಯಂತ್ರ ಈ ಅಭ್ಯಾಸವನ್ನು ಇನ್ನಷ್ಟು ಬೆಳೆಸುತ್ತದೆ.

ತಪ್ಪು ವಿದ್ಯಾರ್ಥಿಯೊಬ್ಬನದೇ ಅಲ್ಲ. 9.81 ಬಂದರೆ ಪೂರ್ಣ ಅಂಕ, 9.6 ಬಂದರೆ ಕಡಿತ ಎಂದು ಕಲಿಸಿದವರು ಅಧ್ಯಾಪಕರಾದ ನಾವೇ. ಚಾಟ್‌ಬಾಟ್ ಬರುವ ಮೊದಲೂ ಹಿಂದಿನ ವರ್ಷದ ರೆಕಾರ್ಡಿನಿಂದ ನಕಲು ನಡೆಯುತ್ತಿತ್ತು. ಯಂತ್ರ ಆ ಕೆಲಸವನ್ನು ಸುಲಭಗೊಳಿಸಿದೆ, ಅಷ್ಟೆ.

ಹಾಗೆಂದು ಯಂತ್ರವನ್ನು ನಿಷೇಧಿಸಬೇಕಾಗಿಲ್ಲ. ಯಾವ ಬೆಲೆ ಬರಬೇಕೆಂದು ಅದು ಮೊದಲೇ ಹೇಳಲಿ. ವಿದ್ಯಾರ್ಥಿ ತಾನು ಅಳೆದದ್ದನ್ನು ಅಲ್ಲೇ ಶಾಯಿಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಲಿ. ಎರಡರ ನಡುವಿನ ವ್ಯತ್ಯಾಸಕ್ಕೆ ಅವನು ಕೊಡುವ ಕಾರಣಕ್ಕೆ ಅಂಕವಿರಲಿ. ಆಗ 9.6 ಬರೆಯಲು ಅವನು ಹೆದರಬೇಕಾಗಿಲ್ಲ. ಮೌಲ್ಯಶಿಕ್ಷಣ ಆರಂಭವಾಗಬೇಕಾದದ್ದು ಅಲ್ಲಿಂದ. ನೀವು ಅಧ್ಯಾಪಕರಾಗಿದ್ದರೆ, ಮುಂದಿನ ರೆಕಾರ್ಡ್ ತಿದ್ದುವಾಗ ಇದನ್ನು ಯೋಚಿಸಿ.