ಋಣವೂ ಹಂಗೂ: ಆಫ್ರಿಕದ ಎರಡು ಕಾದಂಬರಿಗಳಲ್ಲಿ ವಿದ್ಯಾರ್ಥಿವೇತನ

ವಿದ್ಯಾರ್ಥಿವೇತನವೆಂಬುದು ಸಾಮಾನ್ಯವಾಗಿ ಕಛೇರಿಯ ಕಡತಗಳಿಗೆ ಸೇರಿದ ವಿಷಯ. ಸಾಹಿತ್ಯವಿಮರ್ಶಕನ ಗಮನಕ್ಕೆ ಅದು ಬರುವುದು ವಿರಳ. ಆದರೆ ಆಫ್ರಿಕದ ಆಧುನಿಕ ಸಾಹಿತ್ಯವನ್ನು ಅಭ್ಯಾಸಮಾಡುವವರು ಅದನ್ನು ಬದಿಗಿಟ್ಟು ಮುಂದುವರಿಯಲಾರರು. ಅಲ್ಲಿಯ ಆಧುನಿಕ ಲೇಖಕರಲ್ಲಿ ಅನೇಕರು ಪರರ ಹಣದ ನೆರವಿನಿಂದ ಓದಿದವರು. ಆ ಹಣ ಯಾರಿಂದ ಬಂದಿತು, ಪ್ರತಿಯಾಗಿ ಏನನ್ನು ಕೇಳಿತು ಎಂಬ ಪ್ರಶ್ನೆ ಕೆಲವರ ಕೃತಿಗಳಲ್ಲಿಯೇ ಬೇರುಬಿಟ್ಟಿದೆ. ನೈಜೀರಿಯದ ಚಿನುವಾ ಅಚೆಬೆಯವರ ‘ನೋ ಲಾಂಗರ್ ಅಟ್ ಈಸ್’ (1960) ಮತ್ತು ಘಾನಾದ ಅಮಾ ಅಟಾ ಐಡೂ ಅವರ ‘ಅವರ್ ಸಿಸ್ಟರ್ ಕಿಲ್‌ಜಾಯ್’ (1977) ಎಂಬ ಎರಡು ಕಾದಂಬರಿಗಳನ್ನು ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಕನ್ನಡದಲ್ಲಿ ‘ಋಣ’ ಎಂಬ ಮಾತೂ ಇದೆ, ‘ಹಂಗು’ ಎಂಬ ಮಾತೂ ಇದೆ. ಋಣ ಭಾರವಾದರೂ ತೀರಿಸಬಹುದಾದುದು. ಹಂಗು ಪಡೆದವನ ನಾಲಗೆಯನ್ನೇ ಕಟ್ಟುವಂಥದು. ಅಚೆಬೆಯವರು ಚಿತ್ರಿಸಿರುವುದು ಋಣವನ್ನು, ಐಡೂ ಅವರು ಚಿತ್ರಿಸಿರುವುದು ಹಂಗನ್ನು ಎಂಬುದು ನಮ್ಮ ಅಭಿಪ್ರಾಯ.

ಅಚೆಬೆಯವರ ಕಾದಂಬರಿ ನ್ಯಾಯಾಲಯದಲ್ಲಿ ಪ್ರಾರಂಭವಾಗುತ್ತದೆ. ಇಂಗ್ಲೆಂಡಿನಲ್ಲಿ ಓದಿ ಬಂದ ಓಬಿ ಒಕೊಂಕ್ವೊ ಎಂಬ ತರುಣ ಲಂಚದ ಆಪಾದನೆಗೆ ಗುರಿಯಾಗಿ ನಿಂತಿದ್ದಾನೆ. ಇಷ್ಟು ವಿದ್ಯಾವಂತನಾದವನು ಹೀಗೇಕೆ ಮಾಡಿದನೆಂದು ನ್ಯಾಯಾಧೀಶನಿಗೆ ಅಚ್ಚರಿ. ಆ ಅಚ್ಚರಿಯನ್ನೇ ಹಿಡಿದು ಓದುವವರಿಗೆ ಕೃತಿ ಒಬ್ಬ ದುರ್ಬಲಚಿತ್ತನ ಪತನದ ಕಥೆಯಾಗಿ, ಅಥವಾ ಎರಡು ಸಂಸ್ಕೃತಿಗಳ ಘರ್ಷಣೆಯಾಗಿ ತೋರುವುದು ಸಹಜ. ಕಾದಂಬರಿಕಾರರಾದರೋ ಉತ್ತರವನ್ನು ಲೆಕ್ಕದಲ್ಲಿಯೇ ಇಟ್ಟಿದ್ದಾರೆ. ಉಮುವೋಫಿಯದ ಜನರ ಸಂಘ ತಮ್ಮ ಮೇಲೆ ತಾವೇ ತೆರಿಗೆ ಹೇರಿಕೊಂಡು 800 ಪೌಂಡು ಕೂಡಿಸಿ ಓಬಿಯನ್ನು ಕಳುಹಿಸಿತ್ತು. ಹಿಂತಿರುಗಿದ ಮೇಲೆ ನಾಲ್ಕು ವರ್ಷಗಳೊಳಗೆ ಅವನು ಅದನ್ನು ತೀರಿಸಬೇಕು. ಆ ಹಣದಿಂದ ಮತ್ತೊಬ್ಬ ಹುಡುಗ ಓದಬೇಕು. ಓಬಿಯ ತಿಂಗಳ ಸಂಬಳ ನಲವತ್ತೇಳೂವರೆ ಪೌಂಡು. ಅದರಲ್ಲಿ ಸಂಘಕ್ಕೆ 20, ತಂದೆತಾಯಿಗಳಿಗೆ 10. ಉಳಿದುದರಲ್ಲಿ ತಮ್ಮನ ಶುಲ್ಕ, ಕಾರಿನ ಖರ್ಚು, ದೊಡ್ಡ ಅಧಿಕಾರಿಗೆ ತಕ್ಕ ಜೀವನ. ಕಾರಿನ ಮೋಹ ಅವನದೇ ತಪ್ಪಲ್ಲವೇ ಎಂದು ಕೇಳಬಹುದು. ತಪ್ಪು ಹೌದು. ಆದರೆ ಊರಿನವರು ಹಣ ಕೂಡಿಸಿದುದು ತಮ್ಮವನೊಬ್ಬ ಕಾರಿನಲ್ಲಿ ಓಡಾಡುವವರ ಸಾಲಿಗೆ ಸೇರಲೆಂಬ ಆಸೆಯಿಂದಲೂ ಹೌದು. ಋಣ ಕೊಟ್ಟವರೇ ವೆಚ್ಚವನ್ನೂ ವಿಧಿಸಿದರು.

ಓದಬೇಕಾದ ವಿಷಯದಲ್ಲಿಯೂ ಇದೇ ಇಕ್ಕಟ್ಟು. ತಮ್ಮ ಭೂವ್ಯಾಜ್ಯಗಳನ್ನು ನಡೆಸಲು ಓಬಿ ವಕೀಲನಾಗಬೇಕೆಂದು ಸಂಘದ ಇಚ್ಛೆ. ಅವನು ಇಂಗ್ಲಿಷ್ ಸಾಹಿತ್ಯವನ್ನು ಆರಿಸಿಕೊಂಡ. ಇಲ್ಲಿ ಲೇಖಕರ ಸ್ವಾನುಭವದ ಛಾಯೆಯಿದೆ. ಅಚೆಬೆಯವರು 1948ರಲ್ಲಿ ವೈದ್ಯಶಾಸ್ತ್ರದ ವ್ಯಾಸಂಗಕ್ಕೆಂದು ವಿದ್ಯಾರ್ಥಿವೇತನ ಪಡೆದು ಇಬಾದಾನ್ ವಿಶ್ವವಿದ್ಯಾಲಯ ಕಾಲೇಜನ್ನು ಸೇರಿದವರು. ಸಾಹಿತ್ಯಕ್ಕೆ ಬದಲಾಯಿಸಿಕೊಂಡೊಡನೆ ಆ ವೇತನ ನಿಂತುಹೋಯಿತು. ವೇತನ ಕೈಬಿಟ್ಟಿತು, ಸಂಘ ಮಾತ್ರ ಓಬಿಯನ್ನು ಕೈಬಿಡಲಿಲ್ಲ. ಕೋಪಗೊಂಡಿತು, ಸಭೆಯಲ್ಲಿ ವಾದಿಸಿತು, ಅವನು ಸಿಟ್ಟಿನಿಂದ ಎದ್ದುಹೋದುದನ್ನೂ ಕಂಡಿತು. ಕೊನೆಗೆ ಅವನು ಆಪಾದಿತನಾದಾಗ ವಕೀಲನ ಶುಲ್ಕವನ್ನು ತನ್ನ ನಿಧಿಯಿಂದಲೇ ಕೊಡಲು ನಿಶ್ಚಯಿಸಿತು. ಋಣದ ಲಕ್ಷಣವೇ ಇದು: ಕೊಟ್ಟವರೂ ಪಡೆದವನೂ ಒಂದೇ ಮನೆಯವರು, ಜಗಳಕ್ಕೆ ಎಡೆಯುಂಟು.

ಓಬಿಯ ಉದ್ಯೋಗವೂ ವಿದ್ಯಾರ್ಥಿವೇತನ ಮಂಡಲಿಯಲ್ಲಿಯೇ ಎಂಬುದು ಕಾದಂಬರಿಯ ಮರ್ಮ. ಎಲ್ಸಿ ಮಾರ್ಕ್ ಎಂಬ ತರುಣಿ ಅವನ ಮನೆ ಹುಡುಕಿಕೊಂಡು ಬರುತ್ತಾಳೆ. ಪರೀಕ್ಷೆಯಲ್ಲಿ ಒಳ್ಳೆಯ ದರ್ಜೆ ಪಡೆದವಳಾದರೂ ಅಂಥವರು ಹಲವರಿರುವಾಗ ಹಣವಿಲ್ಲದೆ ತನಗೆ ದೊರೆಯಲಾರದೆಂಬ ಭೀತಿ ಅವಳದು. ಸ್ಥಾನಗಳು ಕೆಲವೇ, ಯೋಗ್ಯರು ಹಲವರು. ಅವೆರಡರ ನಡುವಣ ಅಂತರದಲ್ಲಿ ಲಂಚ ಹುಟ್ಟುತ್ತದೆ. ಓಬಿ ಅಂದು ಒಲ್ಲೆನೆಂದವನು ಮುಂದೆ ಕೈಯೊಡ್ಡುತ್ತಾನೆ. ಒಂದು ನ್ಯೂನತೆಯನ್ನು ಹೇಳಲೇಬೇಕು. ಬೇಡಿಬಂದವರು ಕ್ಷಣಕಾಲ ಕಾಣಿಸಿಕೊಂಡು ಮರೆಯಾಗುತ್ತಾರೆ. ಲಂಚ ಕೊಡಲಾರದೆ ಅವಕಾಶ ಕಳೆದುಕೊಂಡವರ ಪಾಡು ಕೃತಿಯ ಹೊರಗೇ ಉಳಿಯುತ್ತದೆ.

ಐಡೂ ಅವರ ಕೃತಿಯ ರೀತಿ ಬೇರೆ. ಗದ್ಯ, ಪದ್ಯ, ಪತ್ರ ಮೂರೂ ಬೆರೆತ ಬರಹ ಅದು. ಸಿಸ್ಸಿ ಎಂಬ ಘಾನಾದ ಯುವತಿ ಪರರ ಖರ್ಚಿನಲ್ಲಿ ಜರ್ಮನಿಗೆ ಹೋಗಿ, ಲಂಡನ್ನಿಗೂ ಬಂದು, ಅಲ್ಲಿ ಓದು ಮುಗಿದರೂ ಊರಿಗೆ ಮರಳದ ಆಫ್ರಿಕದವರನ್ನು ಕಾಣುತ್ತಾಳೆ. ಸಂಶೋಧನೆಗೆಂದು ಪದವೀಧರರಿಗೆ ಕೊಡುವ ವೇತನದ ಮಾತು ಬಂದಾಗ ಕೃತಿಯ ಧ್ವನಿ ಹರಿತವಾಗುತ್ತದೆ. ಪುಡಿಗಾಸನ್ನೂ ಮುಂದೆ ಒಂದು ಡಾಕ್ಟರೇಟನ್ನೂ ಕೊಟ್ಟು ನಿನ್ನ ಜನರ ಒಳಗುಟ್ಟನ್ನು ಹೇಳೆನ್ನುವ ವ್ಯವಸ್ಥೆಗೆ ಪುರಸ್ಕಾರವೆಂಬ ಸೊಗಸಾದ ಹೆಸರೇಕೆ, ಇದು ಗೂಢಚರ್ಯೆಯಲ್ಲವೇ ಎಂಬುದು ಅಲ್ಲಿಯ ತಾತ್ಪರ್ಯ. ಇಲ್ಲಿ ಸಾಲದ ಕಂತು ಪೌಂಡಿನಲ್ಲಿಲ್ಲ, ಪ್ರಬಂಧದಲ್ಲಿದೆ. ಕೊಟ್ಟವನು ಕಣ್ಣಿಗೆ ಕಾಣನು. ಅವನೊಡನೆ ಜಗಳವಾಡಲು ಸಭೆಯಿಲ್ಲ. ಇದು ಹಂಗು.

ಐಡೂ ಅವರದು ಅತ್ಯುಕ್ತಿಯೆಂದು ತೋರಬಹುದು. ಊರಿನಲ್ಲಿ ಗ್ರಂಥಾಲಯವೂ ಪ್ರಯೋಗಶಾಲೆಯೂ ಸಾಲದಾದಾಗ ತರುಣರು ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಅವರ ಕೃತಿಯಲ್ಲಿ ಉತ್ತರವಿಲ್ಲ. ಆದರೂ ಅವರ ಸಂಶಯ ನಿರಾಧಾರವಲ್ಲ. ಬೆನಿನ್ ದೇಶದ ತತ್ತ್ವಜ್ಞ ಪೌಲಿನ್ ಹುಂಟೊಂಜಿಯವರು ಇದೇ ಮಾತನ್ನು ಶಾಸ್ತ್ರೀಯವಾಗಿ ಪ್ರತಿಪಾದಿಸಿದರು: ಆಫ್ರಿಕ ಗಣಿಯ ಅದಿರಿನಂತೆ ಮಾಹಿತಿಯನ್ನೂ ಹೊರದೇಶಗಳಿಗೆ ಕಳುಹಿಸುತ್ತದೆ, ಸಿದ್ಧಾಂತ ಅಲ್ಲಿ ಸಿದ್ಧವಾಗಿ ಮರಳುತ್ತದೆ, ಅಲ್ಲಿಯ ವಾಚಕರಿಗೆ ಬೇಕಾದುದೇ ಇಲ್ಲಿಯ ಸಂಶೋಧಕನ ಪ್ರಶ್ನೆಯಾಗುತ್ತದೆ. 1973ರಲ್ಲಿ ಡಕಾರಿನಲ್ಲಿ ಸ್ಥಾಪಿತವಾದ ‘ಕೊಡೆಸ್ರಿಯಾ’ ಎಂಬ ಸಮಾಜವಿಜ್ಞಾನ ಪರಿಷತ್ತು ಆಫ್ರಿಕದ ವಿಶ್ವವಿದ್ಯಾಲಯಗಳ ಸಂಶೋಧನ ವಿದ್ಯಾರ್ಥಿಗಳಿಗೆ ಪ್ರಬಂಧರಚನೆಗಾಗಿ ಕಿರುಧನ ಕೊಡುತ್ತ ಬಂದುದು ಇದಕ್ಕೆ ಪರಿಹಾರವಾಗಿಯೇ. ಆ ಪರಿಷತ್ತಿನ ನಿಧಿಯಲ್ಲಿಯೂ ವಿದೇಶೀ ದಾನಸಂಸ್ಥೆಗಳ ಪಾಲು ದೊಡ್ಡದೆಂಬುದು ಸಮಸ್ಯೆಯ ಆಳವನ್ನು ತೋರಿಸುತ್ತದೆ. ಒಟ್ಟು ದೇಶೀಯ ಉತ್ಪನ್ನದ ಶೇಕಡ 1ರಷ್ಟನ್ನು ಸಂಶೋಧನೆಗೆ ವೆಚ್ಚಮಾಡಬೇಕೆಂದು ಆಫ್ರಿಕನ್ ಒಕ್ಕೂಟ 2006ರಲ್ಲಿ ಗುರಿಯಿಟ್ಟಿತು. ಹೆಚ್ಚಿನ ರಾಷ್ಟ್ರಗಳು ಅದನ್ನು ಇನ್ನೂ ಮುಟ್ಟಿಲ್ಲ.

ಈ ವಿಚಾರ ನಮಗೆ ದೂರದ್ದಲ್ಲ. 2015ರ ದೆಹಲಿ ಶೃಂಗಸಭೆಯಲ್ಲಿ ಭಾರತ ಸರ್ಕಾರ ಐದು ವರ್ಷಗಳಲ್ಲಿ ಆಫ್ರಿಕದವರಿಗೆ 50,000 ವಿದ್ಯಾರ್ಥಿವೇತನಗಳನ್ನು ಘೋಷಿಸಿತು. ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿಯೂ ಆ ಖಂಡದ ವಿದ್ಯಾರ್ಥಿಗಳು ಸಂಶೋಧನೆ ನಡೆಸಿದ್ದಾರೆ. ಹೀಗೆ ಕೊಡುವವರ ಸಾಲಿನಲ್ಲಿ ಈಗ ನಾವೂ ನಿಂತಿದ್ದೇವೆ. ವೇತನದ ಮೊತ್ತವನ್ನು ಸರ್ಕಾರ ನಿರ್ಧರಿಸಬಹುದು. ಪ್ರಬಂಧದ ವಿಷಯ ನಿರ್ಧಾರವಾಗುವುದು ಮಾರ್ಗದರ್ಶಕರ ಕೊಠಡಿಯಲ್ಲಿ. ತನ್ನ ಊರಿನ ಪ್ರಶ್ನೆಯನ್ನು ಹೊತ್ತು ಬಂದವನಿಗೆ ನಮಗೆ ಅನುಕೂಲವಾದ ವಿಷಯವನ್ನು ಒಪ್ಪಿಸಿದರೆ ನಾವು ಕೊಟ್ಟುದೂ ಹಂಗೇ ಆದೀತು. ಅವನು ನಮ್ಮೊಡನೆ ವಾದಿಸುವಂತಿರಬೇಕು, ಒಲ್ಲೆನೆನ್ನುವಂತಿರಬೇಕು. ಉಮುವೋಫಿಯದ ಬಡ ಸಂಘ ಓಬಿಗೆ ಕೊಟ್ಟ 800 ಪೌಂಡಿನೊಡನೆ ಅಷ್ಟು ಸ್ವಾತಂತ್ರ್ಯವನ್ನಾದರೂ ಕೊಟ್ಟಿತ್ತು.